ಚಿಪ್ ಅದೇ, ಗುರುತಿನ ಸಂಖ್ಯೆ ಮಾತ್ರ ಬೇರೆ: ಡ್ರೈವರನ್ನು ಬಲವಂತವಾಗಿ ಹಚ್ಚುವ ಅವಕಾಶ ಇರಬೇಕೇ?

ಕೈವಾರದವಳು ಕೇಳಿದ್ದು:

ನಮ್ಮದು ಕೈವಾರದ ಪಕ್ಕದ ಒಂದು ಹಳ್ಳಿ. ಅಪ್ಪ 22 ವರ್ಷಗಳಿಂದ ಅಲ್ಲಿನ ಹಾಲಿನ ಡೇರಿಯ ಸೆಕ್ರೆಟರಿ. ನಾನು ಚಿಂತಾಮಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಡೇರಿಯ ಕಂಪ್ಯೂಟರ್ ಕೈಕೊಟ್ಟರೆ ಬೆಳಗ್ಗೆ ಐದೂವರೆಗೇ ನನಗೆ ಫೋನ್ ಬರುತ್ತದೆ.

ಸಂಕ್ರಾಂತಿ ಕಳೆದ ವಾರ ಹಾಗೆಯೇ ಫೋನ್ ಬಂತು. ಹಳೆಯ ಯಂತ್ರದ ಮದರ್‌ಬೋರ್ಡ್ ಸತ್ತುಹೋಗಿತ್ತು. ಹೊಸದು ಕೊಳ್ಳಬೇಕೆಂದರೆ ಆಡಳಿತ ಮಂಡಳಿಯ ಸಭೆ ಸೇರಿ ಠರಾವು ಆಗಬೇಕು. ಹಸು ಠರಾವಿಗೆ ಕಾಯುವುದಿಲ್ಲ. ಅಂಗಡಿಯಲ್ಲಿದ್ದ ಒಂದು ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿ ತಂದು ಇಟ್ಟೆ. ತಕ್ಕಡಿಯ ಅಂಕಿಗಳನ್ನು ಓದಿ ಚೀಟಿ ಮುದ್ರಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಮೊದಲೇ ಬರೆದಿಟ್ಟಿದ್ದೆ. ಫ್ಯಾಟ್ ನೋಡುವ ಯಂತ್ರ ಜೋಡಿಸಿದ ಕೂಡಲೇ ಅಂಕಿ ಕಳಿಸಿತು. ತಕ್ಕಡಿಯಿಂದ ಮಾತ್ರ ಏನೂ ಇಲ್ಲ. ತಕ್ಕಡಿಗೂ ಕಂಪ್ಯೂಟರಿಗೂ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದಿದೆ, ಸೀರಿಯಲ್ ತಂತಿಯನ್ನು ಯುಎಸ್‌ಬಿಗೆ ಬದಲಿಸುವಂಥದ್ದು. ಲಿನಕ್ಸ್ ಅದನ್ನು ಕಾಣುತ್ತಿತ್ತು, ಆದರೆ ಯಾವ ಡ್ರೈವರೂ, ಅಂದರೆ ಸಾಧನಗಳನ್ನು ನಡೆಸುವ ತಂತ್ರಾಂಶವೂ, ಅದನ್ನು ತನ್ನದೆಂದು ಎತ್ತಿಕೊಳ್ಳಲಿಲ್ಲ.

ನಾಲ್ಕು ತಿರುಪು ಬಿಚ್ಚಿ ಮಸೂರದಲ್ಲಿ ನೋಡಿದೆ. ಒಳಗಿದ್ದದ್ದು ಎಫ್‌ಟಿ232ಆರ್‌ಎಲ್. ಈ ಕೆಲಸದಲ್ಲಿರುವ ಎಲ್ಲರೂ ಬಲ್ಲ ಚಿಪ್. ಲಿನಕ್ಸ್‌ನಲ್ಲಿ ಅದಕ್ಕೆ ಎಫ್‌ಟಿಡಿಐ_ಎಸ್‌ಐಒ ಎಂಬ ಡ್ರೈವರ್ ಎಷ್ಟೋ ವರ್ಷಗಳಿಂದ ಇದೆ. ಸಾಮಾನ್ಯವಾಗಿ ಅದು ತಯಾರಕರ ಸಂಖ್ಯೆ 0403, ಉತ್ಪನ್ನದ ಸಂಖ್ಯೆ 6001 ಎಂದು ಹೇಳಿಕೊಳ್ಳುತ್ತದೆ. ಡಬ್ಬಿ ಮಾಡಿದವರು ಚಿಪ್ಪಿನೊಳಗಿನ ಸಣ್ಣ ನೆನಪಿನಲ್ಲಿ 6001ರ ಜಾಗಕ್ಕೆ ತಮ್ಮದೇ ಬೇರೊಂದು ಸಂಖ್ಯೆ ಬರೆದಿದ್ದಾರೆ. ಅದು ತಪ್ಪಲ್ಲ, ಹಾಗೆ ಬರೆದುಕೊಳ್ಳಲೆಂದೇ ಆ ನೆನಪು ಇರುವುದು. ಡ್ರೈವರಿನಲ್ಲಿ ಅಂಥ ಸಂಖ್ಯೆಗಳ ಉದ್ದನೆಯ ಪಟ್ಟಿಯೇ ಇದೆ. ನಮ್ಮ ಡಬ್ಬಿಯದು ಆ ಪಟ್ಟಿಯಲ್ಲಿ ಇಲ್ಲ.

ಇದನ್ನು ಪತ್ತೆ ಮಾಡಲು ಮೂರು ದಿನ ಹಿಡಿಯಿತು. ಆ ಮೂರು ದಿನ ಅಪ್ಪ ಪುಸ್ತಕದಲ್ಲಿ ಕೈಯಿಂದ ಬರೆದರು. ಸಾಲಿನಲ್ಲಿ ನಿಂತ ಹೆಂಗಸರು ಜಗಳ ಆಡಲಿಲ್ಲ, ಆದರೆ ಪ್ರತಿಯೊಬ್ಬರೂ "ಚೀಟಿ ಯಾವಾಗ ಬರುತ್ತದೆ?" ಎಂದು ಕೇಳಿಯೇ ಕ್ಯಾನು ಎತ್ತಿಕೊಂಡರು. ಕೈಬರಹದ ಅಂಕಿಯನ್ನು ಯಾರು ಬೇಕಾದರೂ ತಿದ್ದಬಹುದು ಎಂಬುದು ಅವರಿಗೆ ಗೊತ್ತು. ಅಪ್ಪ ತಿದ್ದುವವರಲ್ಲ ಎಂಬುದೂ ಗೊತ್ತು. ಆದರೂ ಮುದ್ರಿತ ಚೀಟಿ ಕೈಯಲ್ಲಿದ್ದರೆ ಬಟವಾಡೆಯ ದಿನ ಯಾರೂ ಯಾರನ್ನೂ ನಂಬಿಕೆಯ ಮೇಲೆ ನಡೆಸಿಕೊಳ್ಳಬೇಕಿಲ್ಲ. ನನ್ನ ಮನಸ್ಸಿನಲ್ಲಿ ಅದು ಸಣ್ಣ ಸಂಗತಿಯಲ್ಲ.

ನಾಲ್ಕನೆಯ ದಿನ ಆ ಡ್ರೈವರಿನ ನ್ಯೂ_ಐಡಿ ಎಂಬ ಕಡತಕ್ಕೆ ಡಬ್ಬಿಯ ಎರಡು ಸಂಖ್ಯೆಗಳನ್ನು ಬರೆದೆ. ಒಂದೇ ಸಾಲು. ಡಬ್ಬಿಗೆ ಲಿನಕ್ಸ್ ಕೊಡುವ ಹೆಸರು ಟಿಟಿವೈಯುಎಸ್‌ಬಿ0 ಕಾಣಿಸಿಕೊಂಡಿತು, ತಕ್ಕಡಿಯ ಅಂಕಿಗಳು ಪರದೆಯ ಮೇಲೆ ಹರಿದು ಬಂದವು. ಅಂದು ಸಂಜೆಯ ಹಾಲಿಗೆ ಚೀಟಿ ಕೊಟ್ಟೆವು.

ಈಗ ನನ್ನ ಪ್ರಶ್ನೆ. ಸುತ್ತಲಿನ ಇನ್ನೂ ನಾಲ್ಕು ಡೇರಿಗಳವರು ಇದೇ ವ್ಯವಸ್ಥೆ ಕೇಳುತ್ತಿದ್ದಾರೆ. ಅವರ ಡಬ್ಬಿಗಳೂ ಹೊರಗಿನಿಂದ ಇಂಥವೇ. "ಈ ಸಾಧನಕ್ಕೆ ಈ ಡ್ರೈವರ್ ಹಚ್ಚು" ಎಂಬ ಗುಂಡಿಯೊಂದನ್ನು ನನ್ನ ಪ್ರೋಗ್ರಾಮಿನಲ್ಲೇ ಇಡಬೇಕೆಂದಿದ್ದೇನೆ. ಜೊತೆಗೆ ಕೆಲಸ ಮಾಡುವ ಗೆಳತಿ ಬೇಡವೇ ಬೇಡ ಎನ್ನುತ್ತಾಳೆ: ಪಟ್ಟಿಯಲ್ಲಿಲ್ಲದ ಸಾಧನವನ್ನು ಮುಟ್ಟಬಾರದು, ಡ್ರೈವರ್ ಬರೆದವರಿಗೆ ತಿಳಿಸಿ ಅವರು ಸೇರಿಸುವವರೆಗೆ ಕಾಯಬೇಕು, ಇಂಥ ಬಾಗಿಲುಗಳನ್ನು ವ್ಯವಸ್ಥೆ ಮುಚ್ಚಿಡುವುದೇ ಸರಿ ಎಂದು. ನನಗೆ ಸಿಟ್ಟು ಬಂತು. ಯಂತ್ರ ನಮ್ಮದು, ಚಿಪ್ಪಿನ ಹೆಸರನ್ನು ಕಣ್ಣಾರೆ ಓದಿದ್ದೇವೆ, ಕೆಲಸ ಮಾಡುವ ಡ್ರೈವರ್ ಡಿಸ್ಕ್‌ನಲ್ಲೇ ಇದೆ. ಹೀಗಿರುವಾಗ ಬರೀ ಒಂದು ಸಂಖ್ಯೆ ಪಟ್ಟಿಯಲ್ಲಿಲ್ಲ ಎಂದು ತಿಂಗಳುಗಟ್ಟಲೆ ಕಾಯುವುದು ನ್ಯಾಯವೇ? ತಿಳಿದವರಿಗೆ ಈ ಬಾಗಿಲು ತೆರೆದಿರಲೇಬೇಕು ಎಂಬುದು ನನ್ನ ನಿಲುವು. ಆದರೆ ಎಷ್ಟು ತೆರೆದಿರಬೇಕು, ಯಾವ ಸಾಧನಗಳಿಗೆ ತೆರೆಯಬಾರದು? ಅನುಭವ ಇರುವವರು ದಯವಿಟ್ಟು ಹೇಳಿ.

ಮುಳಬಾಗಿಲು ಮೇಷ್ಟ್ರು ಉತ್ತರಿಸಿದ್ದು:

ತಾಯಿ, ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ಬಾಗಿಲು ಇರಬೇಕು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಗೆಳತಿಯ ಭಯವನ್ನೂ ತಳ್ಳಿಹಾಕಬೇಡಿ, ಅದಕ್ಕೆ ಇತಿಹಾಸವಿದೆ.

2003ರಲ್ಲಿ ಮ್ಯಾಂಡ್ರೇಕ್ ಲಿನಕ್ಸ್ 9.2 ಹಾಕಿಕೊಂಡವರ ಕೆಲವು ಎಲ್‌ಜಿ ಸಿಡಿ-ರಾಮ್ ಡ್ರೈವ್‌ಗಳು ಶಾಶ್ವತವಾಗಿ ಕೆಟ್ಟವು. ಲಿನಕ್ಸ್ ಕಳಿಸಿದ್ದು ಕ್ಯಾಶ್ ಖಾಲಿ ಮಾಡು ಎಂಬ ಸಾಧಾರಣ ಆದೇಶ. ಬರೆಯುವ ಡ್ರೈವ್‌ಗಳಿಗೆ ಅದು ಬೇಕು; ಬರೀ ಓದುವ ಡ್ರೈವ್ ಅದು ನನಗಲ್ಲ ಎಂದು ಹೇಳಿ ಸುಮ್ಮನಿರಬೇಕಿತ್ತು. ಆದರೆ ಆ ಡ್ರೈವ್‌ಗಳಲ್ಲಿ ಅದೇ ಆದೇಶವನ್ನು ಫರ್ಮ್‌ವೇರ್, ಅಂದರೆ ಡ್ರೈವ್‌ನೊಳಗೇ ಇರುವ ತಂತ್ರಾಂಶ, ಬದಲಿಸುವುದಕ್ಕೆ ಬಳಸಿಕೊಂಡಿದ್ದರು. ಒಂದೇ ಭಾಷೆ ಆಡುವಂತೆ ಕಂಡ ಎರಡು ಸಾಧನಗಳಲ್ಲಿ ಒಂದೇ ಮಾತಿಗೆ ಎರಡು ಅರ್ಥ. ಅದಕ್ಕೂ ಹಿಂದೆ, ಯಂತ್ರದ ಶಾಖ ಅಳೆಯುವ ಲಿನಕ್ಸ್ ಉಪಕರಣವೊಂದು ಸಂವೇದಕ ಎಲ್ಲಿದೆ ಎಂದು ತಡಕುವಾಗ ಕೆಲವು ಐಬಿಎಂ ಥಿಂಕ್‌ಪ್ಯಾಡ್‌ಗಳ ಸಣ್ಣ ನೆನಪಿನ ಚಿಪ್ಪನ್ನು ಕೆಡಿಸಿ, ಆ ಲ್ಯಾಪ್‌ಟಾಪ್‌ಗಳು ಏಳದಂತೆ ಮಾಡಿತ್ತು.

ಗೆರೆ ಎಲ್ಲಿ ಎಂದು ಕೇಳಿದ್ದೀರಿ. ನನ್ನ ಗೆರೆ ಇದು: ಕೈಕೊಟ್ಟರೆ ತಂತಿ ಕಿತ್ತು ಮತ್ತೆ ಚುಚ್ಚಿದಾಗ ಮೊದಲಿನಂತಾಗುವ ಸಾಧನವಾದರೆ ಪ್ರಯೋಗ ಮಾಡಿ. ಸೀರಿಯಲ್ ಡಬ್ಬಿ, ಕೀಲಿಮಣೆ, ಬಹುಪಾಲು ನೆಟ್‌ವರ್ಕ್ ಕಾರ್ಡ್ ಈ ಗುಂಪಿನವು. ಡ್ರೈವರ್ ಸಾಧನದೊಳಗೆ ಏನನ್ನಾದರೂ ಶಾಶ್ವತವಾಗಿ ಬರೆಯುವುದಾದರೆ, ಅಥವಾ ವೋಲ್ಟೇಜು, ಫ್ಯಾನು, ಬ್ಯಾಟರಿ ಚಾರ್ಜಿಂಗ್ ಅದರ ಕೈಯಲ್ಲಿದ್ದರೆ, ಮುಟ್ಟಬೇಡಿ. ಡಿಸ್ಕ್ ನಿಯಂತ್ರಕಕ್ಕೂ ಬೇಡ. ಅಲ್ಲಿ ಸಾಧನ ಉಳಿದರೂ ದತ್ತಾಂಶ ಹೋಗುತ್ತದೆ.

ಇನ್ನೊಂದು ಮಾತು. ಮಸೂರದಲ್ಲಿ ಹೆಸರು ಓದಿದೆ ಎಂದಿರಿ. ಆ ಹೆಸರು ಸಾಕ್ಷಿಯಲ್ಲ. ಎಫ್‌ಟಿ232ಆರ್‌ಎಲ್ ಎಂದು ಮೇಲೆ ಕೊರೆದ ನಕಲಿ ಚಿಪ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. 2014ರಲ್ಲಿ ಎಫ್‌ಟಿಡಿಐ ಕಂಪನಿಯ ಹೊಸ ವಿಂಡೋಸ್ ಡ್ರೈವರ್, ನಕಲಿ ಚಿಪ್ ಸಿಕ್ಕಿದರೆ ಅದರ ಉತ್ಪನ್ನದ ಸಂಖ್ಯೆಯನ್ನೇ 0000 ಎಂದು ಬದಲಿಸಿಬಿಡುತ್ತಿತ್ತು. ಆಮೇಲೆ ಅದು ಯಾವ ಯಂತ್ರಕ್ಕೆ ಚುಚ್ಚಿದರೂ ಗುರುತು ಸಿಗದ ವಸ್ತು. ಗಲಾಟೆಯಾಗಿ ಅದನ್ನು ವಿಂಡೋಸ್ ಅಪ್‌ಡೇಟ್‌ನಿಂದ ತೆಗೆದರು. ತಾವು ಕೊಂಡದ್ದು ನಕಲಿ ಎಂದೇ ತಿಳಿಯದ ಜನರ ಸಾಧನಗಳು ಅಲ್ಲಿ ಬಲಿಯಾದವು. ಲಿನಕ್ಸ್‌ನವರು ಅದೇ ವರ್ಷ 0403, 0000 ಎಂಬ ಜೋಡಿಯನ್ನೂ ತಮ್ಮ ಪಟ್ಟಿಗೆ ಸೇರಿಸಿದರು. ಆ ಸಾಲನ್ನು ಓದಿದಾಗ ನನಗೆ ನಿಜವಾಗಿ ಸಂತೋಷವಾಗಿತ್ತು.

ನಕಲಿ ಚಿಪ್ ಡ್ರೈವರನ್ನು ಒಪ್ಪಿಕೊಂಡು ಕೆಲಸವನ್ನೂ ಮಾಡುತ್ತದೆ, ಆದರೆ ಎಲ್ಲ ಕೆಲಸವನ್ನೂ ಅಸಲಿಯ ಹಾಗೆ ಮಾಡುತ್ತದೆಂಬ ಖಾತರಿ ಇಲ್ಲ. ನಿಮ್ಮ ವಿಷಯದಲ್ಲಿ ನನಗೆ ಸುಟ್ಟುಹೋಗುವ ಡಬ್ಬಿಗಿಂತ ಅರ್ಧಂಬರ್ಧ ನಡೆಯುವ ಡಬ್ಬಿಯ ಭಯವೇ ಹೆಚ್ಚು. ಸತ್ತ ಡಬ್ಬಿ ಸುಳ್ಳು ತೂಕ ಹೇಳುವುದಿಲ್ಲ. ನಡುವೆ ಒಂದು ಅಕ್ಷರ ನುಂಗುವ ಡಬ್ಬಿ 12.450 ಕಿಲೋವನ್ನು 2.450 ಎಂದು ಕೊಡುತ್ತದೆ. ನಿಮ್ಮ ಪ್ರೋಗ್ರಾಂ ಬಂದ ಸಾಲನ್ನು ಹೇಗೆ ಪರೀಕ್ಷಿಸುತ್ತದೆ ಎಂದು ತಿಳಿಸುತ್ತೀರಾ?

ಕೈವಾರದವಳು:

ಮೇಷ್ಟ್ರೇ, ಪರೀಕ್ಷಿಸುವುದಿಲ್ಲ. ಸಾಲಿನಲ್ಲಿ ಕಂಡ ಮೊದಲ ಸಂಖ್ಯೆಯನ್ನು ತೆಗೆದುಕೊಂಡು ಮುದ್ರಿಸುತ್ತದೆ. ನಿಮ್ಮ ಉತ್ತರ ಓದಿ ಎದೆ ಧಸಕ್ಕೆಂದಿತು. ಇಂದು ರಾತ್ರಿಯೇ ಕುಳಿತುಕೊಳ್ಳುತ್ತೇನೆ.

ತಿಪಟೂರಿನಿಂದ:

ಅಕ್ಕಾ, ನ್ಯೂ_ಐಡಿ ಬಗ್ಗೆ ಕೆಲವು ವಿಷಯ ತಿಳಿದಿದ್ದರೆ ನಿಮ್ಮ ಗುಂಡಿಯ ರೂಪವೇ ಬದಲಾಗಬಹುದು.

ಅದಕ್ಕೆ ನೀವು ಎರಡು ಸಂಖ್ಯೆ ಬರೆದಿದ್ದೀರಿ. ಐದನ್ನು ಬರೆಯಬಹುದು: ತಯಾರಕ, ಉತ್ಪನ್ನ, ಇಂಟರ್‌ಫೇಸ್ ವರ್ಗ, ಆಮೇಲೆ ಡ್ರೈವರಿಗೆ ಈಗಾಗಲೇ ಗೊತ್ತಿರುವ ಇನ್ನೊಂದು ಸಾಧನದ ತಯಾರಕ ಮತ್ತು ಉತ್ಪನ್ನ. ವರ್ಗದ ಜಾಗಕ್ಕೆ 0 ಹಾಕಿದರೆ ಸಾಕು. ಕೊನೆಯ ಎರಡರ ಅರ್ಥ, "ಇದನ್ನು ಅದರ ಹಾಗೆಯೇ ನೋಡಿಕೋ" ಎಂದು. ಕೆಲವು ಸಾಧನಗಳಿಗೆಂದು ಡ್ರೈವರ್ ವಿಶೇಷ ಉಪಚಾರ ಇಟ್ಟುಕೊಂಡಿರುತ್ತದೆ. ಹೀಗೆ ಬರೆದರೆ ಆ ಉಪಚಾರವೂ ಹೊಸ ಸಂಖ್ಯೆಗೆ ಸಿಗುತ್ತದೆ. ನನ್ನ ಮಟ್ಟಿಗೆ ಬಲವಂತದ ಸರಿಯಾದ ರೂಪ ಇದೇ. "ಈ ಡ್ರೈವರ್ ಹಚ್ಚು" ಎಂದಷ್ಟೇ ಹೇಳುವವನು ಊಹೆ ಮಾಡುತ್ತಿರಬಹುದು. "ಇದು 6001ರ ಹಾಗಿದೆ, ಹಾಗೆಯೇ ನಡೆಸು" ಎನ್ನುವವನು ಯಾವುದಕ್ಕೆ ಹೋಲಿಸುತ್ತಿದ್ದೇನೆ ಎಂದು ಯೋಚಿಸಿರಲೇಬೇಕು.

ನೀವು ಬರೆದದ್ದು ಕರೆಂಟು ಹೋಗಿ ಬಂದರೆ ಅಳಿಸಿಹೋಗುತ್ತದೆ. ಮೊದಮೊದಲು ಇದು ನನಗೆ ತಲೆನೋವಾಗಿತ್ತು. ಈಗ ಒಳ್ಳೆಯದೇ ಅನ್ನಿಸುತ್ತದೆ, ತಪ್ಪಾದರೆ ಯಂತ್ರ ಆರಿಸಿದರೆ ಮುಗಿಯಿತು. ನಡುವೆಯೇ ಸಾಧನವನ್ನು ಡ್ರೈವರಿನಿಂದ ಬಿಡಿಸಬೇಕಾದರೆ ಅನ್‌ಬೈಂಡ್ ಎಂಬುದಿದೆ. ಚೆನ್ನಾಗಿ ನಡೆಯುತ್ತದೆ ಎಂದು ಖಚಿತವಾದ ಮೇಲೆ ಯುಡೆವ್ ನಿಯಮವೊಂದನ್ನು (ಸಾಧನ ಚುಚ್ಚಿದಾಗ ಲಿನಕ್ಸ್ ತಾನೇ ಪಾಲಿಸುವ ಸೂಚನೆ) ಬರೆದು ಖಾಯಂ ಮಾಡಿ. ಮದರ್‌ಬೋರ್ಡಿಗೆ ಚುಚ್ಚುವ ಪಿಸಿಐ ಕಾರ್ಡುಗಳಿಗೂ ನ್ಯೂ_ಐಡಿ ಇದೆ. ಒಂದೇ ಒಂದು ಕಾರ್ಡಿಗೆ ಮಾತ್ರ ಹಚ್ಚಬೇಕೆಂದರೆ ಡ್ರೈವರ್_ಓವರ್‌ರೈಡ್ ಎಂಬುದಿದೆ.

ಗುರುತಿನ ಸಂಖ್ಯೆ ಸರಿಯಿದ್ದೂ ಮೋಸ ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ, ನಾಲ್ಕು ಡೇರಿಗಳಲ್ಲಿ ನಿಮಗೇ ಎದುರಾಗಬಹುದು. ಅಗ್ಗದ ಡಬ್ಬಿಗಳಲ್ಲಿ ಸಿಎಚ್340 ಎಂಬ ಚಿಪ್ ಇರುತ್ತದೆ, ಸಂಖ್ಯೆ 1ಎ86, 7523. ಲಿನಕ್ಸ್‌ನ ಒಂದು ಆವೃತ್ತಿಯಾದ ಉಬುಂಟು 22.04ರಲ್ಲಿ ಅದನ್ನು ಚುಚ್ಚಿದರೆ ಟಿಟಿವೈಯುಎಸ್‌ಬಿ0 ಒಂದು ಕ್ಷಣ ಬಂದು ಮಾಯವಾಗುತ್ತದೆ. ಅಂಧರ ಬ್ರೈಲ್ ಫಲಕಗಳನ್ನು ನಡೆಸುವ ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶ ಅದನ್ನು ಎಳೆದುಕೊಳ್ಳುತ್ತದೆ. ಬ್ರೈಲ್ ಫಲಕವೊಂದರಲ್ಲೂ ಅದೇ ಚಿಪ್, ಅದೇ ಸಂಖ್ಯೆ. ಸಂಖ್ಯೆ ಹೇಳುವುದು ನಡುವಿನ ಸೇತುವೆ ಯಾವುದೆಂದು ಮಾತ್ರ, ಆಚೆ ದಡದಲ್ಲಿ ತಕ್ಕಡಿ ಇದೆಯೋ ಬ್ರೈಲ್ ಫಲಕ ಇದೆಯೋ ಅದಕ್ಕೆ ತಿಳಿಯದು. ಡೇರಿಯಲ್ಲಿ ಬ್ರೈಲ್ ಬಳಸುವವರು ಇಲ್ಲವೆಂದು ಖಚಿತಪಡಿಸಿಕೊಂಡೇ ಆ ತಂತ್ರಾಂಶ ತೆಗೆಯಿರಿ.

ಕೊನೆಗೆ, ಆ ಸಂಖ್ಯೆಯನ್ನು ಲಿನಕ್ಸ್ ಯುಎಸ್‌ಬಿ ಬಳಗಕ್ಕೆ ಕಳಿಸಿ. ಎರಡು ಮೂರು ಸಾಲಿನ ತಿದ್ದುಪಡಿ ಅಷ್ಟೇ. ನಿಮ್ಮ ಗೆಳತಿ ಹೇಳಿದ್ದರಲ್ಲಿ ಆ ಅರ್ಧ ಸರಿ. ಕಾಯುತ್ತಾ ಕೂರಬೇಕಾಗಿಲ್ಲ, ಆದರೆ ಕಳಿಸದೆಯೂ ಇರಬಾರದು. ಅದೇ ಡಬ್ಬಿ ಕೊಂಡ ಇನ್ನೊಬ್ಬರು ಮೂರು ದಿನ ಕಳೆದುಕೊಳ್ಳುವುದು ತಪ್ಪುತ್ತದೆ.

ಗೌರಿಬಿದನೂರು ಅಂಗಡಿ:

ಗುಂಡಿ ಇಡಬೇಡಿ ಮೇಡಂ. ಬಾಗಿಲು ಬೇಡ ಎನ್ನುತ್ತಿಲ್ಲ, ಗುಂಡಿ ಬೇಡ ಎನ್ನುತ್ತಿದ್ದೇನೆ.

ವಿಂಡೋಸ್‌ನಲ್ಲಿ ಈ ಬಾಗಿಲು ಮೊದಲಿನಿಂದಲೂ ಇದೆ. ಡಿವೈಸ್ ಮ್ಯಾನೇಜರಿನಲ್ಲಿ ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂದು ಹೇಳಿ, ಹೊಂದುವ ಸಾಧನಗಳನ್ನು ಮಾತ್ರ ತೋರಿಸು ಎಂಬ ಗುರುತನ್ನು ತೆಗೆದರೆ ಯಾವ ಡ್ರೈವರನ್ನು ಬೇಕಾದರೂ ಹಚ್ಚಬಹುದು. ಒಂದು ಎಚ್ಚರಿಕೆಯ ಕಿಟಕಿ ಬರುತ್ತದೆ. ನಮ್ಮ ಅಂಗಡಿಗೆ ಬರುವವರಲ್ಲಿ ಅದನ್ನು ಓದಿದ ಒಬ್ಬರನ್ನೂ ನಾನು ಕಂಡಿಲ್ಲ. ಕಡ್ಡಿಯಷ್ಟು ಅಪಾಯಕ್ಕೂ ಗುಡ್ಡದಷ್ಟು ಅಪಾಯಕ್ಕೂ ಒಂದೇ ಕಿಟಕಿ ಬಂದರೆ ಜನ "ಹೌದು" ಒತ್ತುವುದನ್ನೇ ಕಲಿಯುತ್ತಾರೆ. ನಾನೂ ಹಾಗೆ ಒತ್ತಿದವನೇ. ಒಂದು ಫೋಟೋ ಸ್ಟುಡಿಯೋದ ಯಂತ್ರಕ್ಕೆ ಹೆಸರಿನಲ್ಲಿ ಒಂದಂಕಿ ಮಾತ್ರ ವ್ಯತ್ಯಾಸವಿದ್ದ ಗ್ರಾಫಿಕ್ಸ್ ಡ್ರೈವರ್ ಹಚ್ಚಿದೆ. ಆಮೇಲೆ ಆನ್ ಮಾಡಿದಾಗಲೆಲ್ಲ ನೀಲಿ ಪರದೆ. ಮದುವೆ ಆಲ್ಬಮ್ ಕೊಡಬೇಕಾದ ಹಿಂದಿನ ರಾತ್ರಿ ಅದು. ಸೇಫ್ ಮೋಡ್‌ನಲ್ಲಿ ಏರಿ ತೆಗೆಯುವ ಹೊತ್ತಿಗೆ ಬೆಳಗಾಗಿತ್ತು.

ಇನ್ನು ಡ್ರೈವರ್ ಯಾವ ಸಾಧನಗಳಿಗೆಂದು ವಿಂಡೋಸ್‌ಗೆ ಹೇಳುವ ಐಎನ್‌ಎಫ್ ಕಡತಕ್ಕೆ ತಮ್ಮ ಸಂಖ್ಯೆ ಸೇರಿಸುವವರಿದ್ದಾರೆ. ಒಂದಕ್ಷರ ಬದಲಾದರೂ ಡಿಜಿಟಲ್ ಸಹಿ ಹೊಂದುವುದಿಲ್ಲ, 64 ಬಿಟ್ ವಿಂಡೋಸ್ ಒಪ್ಪುವುದಿಲ್ಲ. ಆಗ ಸಹಿ ಪರೀಕ್ಷೆಯನ್ನೇ ಆರಿಸುತ್ತಾರೆ. ಒಂದು ಬಾರಿಗೆ ಆರಿಸಿದರೆ ಸರಿ. ಯಂತ್ರ ಏಳುವಾಗಲೇ ಸಹಿ ನೋಡುವ ಸೆಕ್ಯೂರ್ ಬೂಟ್ ತೆಗೆದು, ಸಹಿಯ ಕಟ್ಟುನಿಟ್ಟು ಸಡಿಲಿಸುವ ಟೆಸ್ಟ್ ಮೋಡ್ ಹಾಕಿ, ವರ್ಷಗಟ್ಟಲೆ ಹಾಗೆಯೇ ಬಿಟ್ಟ ಯಂತ್ರಗಳನ್ನು ಎಷ್ಟೋ ನೋಡಿದ್ದೇನೆ. ಒಂದು ಕೇಬಲ್ಲಿಗಾಗಿ ಮನೆಯ ಹೆಬ್ಬಾಗಿಲನ್ನೇ ಕಿತ್ತಿಟ್ಟ ಹಾಗೆ ಅದು. ಲಿನಕ್ಸ್‌ನಲ್ಲಿ ನಿಮಗೆ ಆ ಕಷ್ಟವಿಲ್ಲ, ಪುಣ್ಯ.

ಡೇರಿಯ ಹುಡುಗರ ಕೈಗೆ ಗುಂಡಿ ಕೊಟ್ಟರೆ ತಕ್ಕಡಿ ಕೆಟ್ಟಾಗಲೆಲ್ಲ, ತಂತಿ ಸಡಿಲವಾದಾಗಲೂ, ಅದನ್ನೇ ಒತ್ತುತ್ತಾರೆ. ಆದೇಶದ ರೂಪದಲ್ಲಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಕೈವಾರದವಳು:

ಎಲ್ಲರಿಗೂ ಕೃತಜ್ಞತೆಗಳು. ಹನ್ನೆರಡು ದಿನ ಮೌನವಾಗಿದ್ದದ್ದಕ್ಕೆ ಕ್ಷಮಿಸಿ, ಕೆಲಸ ನಡೆಯುತ್ತಿತ್ತು.

ಮೊದಲು ಮೇಷ್ಟ್ರ ಮಾತು. ತಕ್ಕಡಿ ಒಂದೇ ತೂಕವನ್ನು ಬಿಡದೆ ಕಳಿಸುತ್ತಲೇ ಇರುತ್ತದೆ. ಈಗ ಪ್ರೋಗ್ರಾಂ ಮೊದಲು ಸಾಲಿನ ಉದ್ದ ನೋಡುತ್ತದೆ, ಆಮೇಲೆ ಒಂದರ ಹಿಂದೆ ಒಂದು ಮೂರು ಸಾಲು ಅಕ್ಷರಶಃ ಒಂದೇ ಆಗಿದ್ದರೆ ಮಾತ್ರ ತೂಕವನ್ನು ಒಪ್ಪುತ್ತದೆ. ತಿರಸ್ಕರಿಸಿದ ಪ್ರತಿ ಸಾಲನ್ನೂ ಬಂದ ಹಾಗೆಯೇ ಬರೆದಿಡುತ್ತದೆ. ನಮ್ಮ ಡೇರಿಯಲ್ಲಿ ಹಿಂದಿನ ಚೀಟಿಗಳನ್ನೂ ಅಪ್ಪ ಜೊತೆಯಲ್ಲೇ ಬರೆಯುತ್ತಿದ್ದ ಪುಸ್ತಕವನ್ನೂ ಎದುರಿಗಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿದೆವು. ಒಂದೂ ತಪ್ಪಿರಲಿಲ್ಲ. ಉಸಿರು ಬಿಟ್ಟೆ.

ಎರಡನೆಯ ಡೇರಿಯಲ್ಲಿ ಹಾಗಾಗಲಿಲ್ಲ. ಅದೇ ಕಪ್ಪು ಡಬ್ಬಿ, ಅದೇ ಸಂಖ್ಯೆ, ಒಳಗಿನ ಚಿಪ್ಪಿನ ಮೇಲೆ ಅದೇ ಹೆಸರು. ತಿಪಟೂರಿನವರು ಹೇಳಿದಂತೆ ಐದು ಸಂಖ್ಯೆ ಬರೆದು ಹಚ್ಚಿದೆ, ತಕ್ಷಣ ಅಂಕಿ ಬಂತು. ಐದು ಕಿಲೋ ತೂಕದ ಕಲ್ಲನ್ನು ಇಟ್ಟು ಒಂದು ಗಂಟೆ ಓಡಿಸಿದೆ. ತಿರಸ್ಕೃತ ಸಾಲುಗಳ ಕಡತ ತೆರೆದರೆ 41 ಸಾಲು. ಎಲ್ಲದರಲ್ಲೂ ಒಂದೋ ಎರಡೋ ಅಕ್ಷರ ಕಾಣೆ. ತಂತಿ ಬದಲಿಸಿದೆ, ಯುಎಸ್‌ಬಿ ಕಿಂಡಿ ಬದಲಿಸಿದೆ, ಹಾಗೆಯೇ ಮುಂದುವರಿಯಿತು. ನಮ್ಮ ಡೇರಿಯ ಡಬ್ಬಿಯನ್ನು ತಂದು ಚುಚ್ಚಿದೆ, ಒಂದು ಗಂಟೆಯಲ್ಲಿ ಒಂದು ಸಾಲೂ ಕೆಡಲಿಲ್ಲ. ಹಳೆಯ ಪ್ರೋಗ್ರಾಮನ್ನೇ ಅಲ್ಲಿ ಬಿಟ್ಟು ಬಂದಿದ್ದರೆ ಏನಾಗುತ್ತಿತ್ತು ಎಂದು ಅಂದು ರಾತ್ರಿ ನಿದ್ದೆ ಬರಲಿಲ್ಲ. ಎರಡು ಸೀಮೆಹಸು ಕಟ್ಟಿಕೊಂಡು ಸಂಸಾರ ನಡೆಸುವವರ ಹತ್ತು ಕಿಲೋ ಹಾಲು ನನ್ನ ಪ್ರೋಗ್ರಾಮಿನಲ್ಲಿ ಕಾಣೆಯಾಗಿ, ಅವರ ಕೈಗೆ ಮುದ್ರಿತ ಚೀಟಿ ಬೇರೆ ಹೋಗುತ್ತಿತ್ತು. ಆ ಡಬ್ಬಿಯನ್ನು ತೆಗೆದಿಟ್ಟು ಬೇರೆಯದನ್ನು ಹಾಕಿಸಿದೆ.

ಗುಂಡಿಯ ಆಸೆ ಬಿಟ್ಟೆ. ಒಂದು ಆದೇಶ ಬರೆದಿದ್ದೇನೆ, ನನ್ನ ಗುಪ್ತಪದದಿಂದ ಮಾತ್ರ ನಡೆಯುವಂಥದ್ದು. ಯಾವ ಸಾಧನಕ್ಕೆ, ಅದು ಯಾವುದರ ಹಾಗಿದೆ ಎಂಬ ಎರಡನ್ನೂ ಕೇಳುತ್ತದೆ. ಎರಡನೆಯದು ಗೊತ್ತಿಲ್ಲದಿದ್ದರೆ ಮುಂದೆ ಹೋಗುವುದಿಲ್ಲ. ಯುಎಸ್‌ಬಿ ಸೀರಿಯಲ್ ಬಿಟ್ಟು ಬೇರೆ ಯಾವ ಜಾತಿಯ ಸಾಧನಕ್ಕೂ ಒಪ್ಪುವುದಿಲ್ಲ. ಮೊದಲ ಸಲ ಹಚ್ಚಿದ್ದು ಯಂತ್ರ ಆರಿಸುವವರೆಗೆ ಮಾತ್ರ. ತೂಕದ ಕಲ್ಲಿನ ಮೇಲೆ ಒಂದು ಗಂಟೆ ಓಡಿ ಒಂದೂ ಸಾಲು ಕೆಡದಿದ್ದರೆ ಯುಡೆವ್ ನಿಯಮ ಬರೆಯುತ್ತದೆ, ಕೆಟ್ಟರೆ ಸಾಧನವನ್ನು ಡ್ರೈವರಿನಿಂದ ಬಿಡಿಸಿ ನಿಲ್ಲುತ್ತದೆ. ಯಾವ ದಿನ ಯಾವುದಕ್ಕೆ ಏನು ಹಚ್ಚಿದ್ದೇವೆ ಎಂಬುದು ಡೇರಿಯ ಪುಸ್ತಕದಲ್ಲೂ ಕೈಬರಹದಲ್ಲಿ ಇರುತ್ತದೆ, ನಾಳೆ ನಾನು ಊರಲ್ಲಿಲ್ಲದಿದ್ದರೂ ಬೇರೆಯವರಿಗೆ ತಿಳಿಯಲಿ ಎಂದು. ಗೆಳತಿಗೆ ಇದನ್ನೆಲ್ಲ ತೋರಿಸಿದೆ. ಒಂದು ಗಂಟೆ ಸಾಲದು, ಬೆಳಗಿನ ಹಾಲು ಸಂಜೆಯ ಹಾಲು ಎರಡೂ ನೋಡಬೇಕು, ಮೋಟಾರುಗಳು ಓಡುವಾಗ ಕರೆಂಟಿನ ಸ್ಥಿತಿಯೇ ಬೇರೆ ಎಂದಳು. ಅದನ್ನೂ ಸೇರಿಸಿದೆ.

ನಮ್ಮ ಡಬ್ಬಿಯ ಸಂಖ್ಯೆಯನ್ನು ಲಿನಕ್ಸ್ ಬಳಗಕ್ಕೆ ಕಳಿಸಿದ್ದೇನೆ. ಮೇಷ್ಟ್ರೇ, ಅಕ್ಷರ ನುಂಗುವ ಆ ಡಬ್ಬಿ ನನ್ನ ಮೇಜಿನ ಮೇಲೆ ಇದೆ. ಮುಂದಿನ ಭಾನುವಾರ ಮುಳಬಾಗಿಲಿಗೆ ತಂದರೆ ಆಸಿಲೋಸ್ಕೋಪ್ ಹಚ್ಚಿ ನೋಡಲು ಬಿಡುವಿರುತ್ತದೆಯೇ?

ಮುಳಬಾಗಿಲು ಮೇಷ್ಟ್ರು:

ಬನ್ನಿ ತಾಯಿ. ಹತ್ತು ಗಂಟೆಯ ಮೇಲೆ ಮನೆಯಲ್ಲೇ ಇರುತ್ತೇನೆ. ಒಳ್ಳೆಯ ಡಬ್ಬಿಯೊಂದನ್ನೂ ಜೊತೆಗೆ ತನ್ನಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.